ಬೈಗುಳವು ಅಡಿಗೆಮನೆಯ ಪಾಠವಲ್ಲ

ಹಸಿದವರಿಗೆ ಅನ್ನವಿಕ್ಕುವುದು ಕರುಣೆಯ ಕಾರ್ಯವೆಂದು ನಾವು ನಮ್ಮ ಮಕ್ಕಳಿಗೆ ಕಲಿಸುತ್ತೇವೆ. ಆದರೆ ಹೋಟೆಲುಗಳ ಒಳಗೆ ಆ ಅನ್ನವನ್ನು ಬೇಯಿಸುವವರು, ಬಡಿಸುವವರು, ಎಂಜಲು ತಟ್ಟೆ ತೊಳೆಯುವವರು ಎಂತಹ ಮಾತುಗಳನ್ನು ಸಹಿಸುತ್ತಾರೆಂದು ವಿಚಾರಿಸುವುದು ಅಪರೂಪ. ನಮ್ಮ ಅನೇಕ ಕುಟುಂಬಗಳ ಯುವಕ ಯುವತಿಯರು ನಗರಗಳ ಹೋಟೆಲುಗಳಿಗೂ ಗಲ್ಫ್ ದೇಶಗಳಿಗೂ ಪ್ರವಾಸಿ ಹಡಗುಗಳಿಗೂ ದುಡಿಯಲು ತೆರಳುತ್ತಿರುವುದರಿಂದ ಇದು ನಮ್ಮ ಮನೆಯ ವಿಚಾರವೂ ಹೌದು.

ಬೈಸಿಕೊಳ್ಳದೆ ಅಡಿಗೆ ಕಲಿಯಲಾಗದೆಂಬ ನಂಬಿಕೆ ಈ ಕಸುಬಿನಲ್ಲಿ ಆಳವಾಗಿ ಬೇರೂರಿದೆ. ಅದನ್ನು ಸುಳ್ಳಾಗಿಸಿದವರು ಆಧುನಿಕ ಹೋಟೆಲ್ ಅಡಿಗೆಮನೆಯ ವ್ಯವಸ್ಥೆಯನ್ನು ರೂಪಿಸಿದ ಫ್ರಾನ್ಸಿನ ಆಗಸ್ಟ್ ಎಸ್ಕಾಫಿಯೆ (1846–1935). 13ನೆಯ ವಯಸ್ಸಿನಲ್ಲಿ ನೀಸ್ ನಗರದ ಬಂಧುವೊಬ್ಬರ ಹೋಟೆಲಿಗೆ ಸೇರಿದ ಅವರು ಅಲ್ಲಿ ಗದರಿಕೆಯನ್ನೂ ಏಟುಗಳನ್ನೂ ಉಂಡರು. ಮುಂದೆ ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಮುಖ್ಯ ಬಾಣಸಿಗರಾದಾಗ, ಸೈನ್ಯದ ಶಿಸ್ತನ್ನು ಕಂಡಿದ್ದ ಅವರು ಪ್ರತಿಯೊಬ್ಬರಿಗೂ ನಿರ್ದಿಷ್ಟ ಕೆಲಸವನ್ನು ಹಂಚಿದರು. ಜೊತೆಗೆ ಕೂಗಾಟ, ಬೈಗುಳ ಮತ್ತು ಕುಡಿತಗಳನ್ನು ನಿಷೇಧಿಸಿ, ಬೆಂಕಿಯೆದುರು ಬಳಲುವವರಿಗೆ ಬಾರ್ಲಿಯ ಪಾನೀಯವನ್ನು ಒದಗಿಸಿದರು. ತಮಗೇ ಸಿಟ್ಟು ಬಂದಾಗ ಅಡಿಗೆಮನೆಯಿಂದ ಹೊರನಡೆಯುತ್ತಿದ್ದರು.

ಅನಂತರದವರಲ್ಲಿ ಅನೇಕರು ಅವರ ಶ್ರೇಣಿಯನ್ನು ಉಳಿಸಿಕೊಂಡು ಸಂಯಮವನ್ನು ಕೈಬಿಟ್ಟರು. 1929ರಲ್ಲಿ ಪ್ಯಾರಿಸಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆದ ಲೇಖಕ ಜಾರ್ಜ್ ಆರ್ವೆಲ್, ಮೇಲಿನವರು ಕೆಳಗಿನವರನ್ನು ನಿಂದಿಸುವ ಆ ಲೋಕವನ್ನು 1933ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಚಿತ್ರಿಸಿದರು. ಕೋಪನ್‌ಹೇಗನ್ನಿನ ವಿಶ್ವಖ್ಯಾತ ನೋಮಾ ಹೋಟೆಲಿನ ರೆನೆ ರೆಡ್ಜೆಪಿ, ತಾವು ಕೈಕೆಳಗಿನವರ ಮೇಲೆ ಕೂಗಾಡಿದ್ದನ್ನೂ ಅವರನ್ನು ತಳ್ಳಿದ್ದನ್ನೂ 2015ರಲ್ಲಿ ಬರೆದು ಒಪ್ಪಿಕೊಂಡರು. ಏಟು ತಿಂದವನು ಮುಂದೆ ಏಟು ಕೊಡುವವನಾಗುವ ಈ ಸರಪಳಿಯನ್ನು ಎಲ್ಲಿಯಾದರೂ ಕಡಿಯಲೇಬೇಕು.

ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳುವುದು ತಿದ್ದುವಿಕೆ. ಅದೇ ತಪ್ಪಿಗೆ ಎಲ್ಲರೆದುರು ಹೆತ್ತವರನ್ನು ಹಳಿಯುವುದು, ವಾರದ ರಜೆಯನ್ನು ಕಸಿಯುವುದು, ಸಂಬಳವನ್ನು ಹಿಡಿದಿಡುವುದು ದಬ್ಬಾಳಿಕೆ. ಒಲೆಯ ಬಿಸಿ, ಗಿರಾಕಿಗಳ ಆತುರ, ದೀರ್ಘ ದುಡಿಮೆ ಸಿಟ್ಟಿಗೆ ಕಾರಣವಾಗಬಹುದು, ಅವಮಾನಕ್ಕೆ ಸಮರ್ಥನೆಯಾಗಲಾರವು. ಊಟ, ವಸತಿ, ಸಂಬಳಗಳೆಲ್ಲ ಒಬ್ಬನೇ ಮಾಲೀಕನ ಕೈಯಲ್ಲಿರುವಾಗ ದುಡಿಯುವವನು ಬಾಯಿ ತೆರೆಯಲು ಅಂಜುತ್ತಾನೆ.

ಒಂದು ಕಾಲದಲ್ಲಿ ನಮ್ಮ ಹೋಟೆಲುಗಳಲ್ಲಿ ಮೇಜು ಒರೆಸುವ ಎಳೆಯ ಮಾಣಿಗಳು ಸಾಮಾನ್ಯ ದೃಶ್ಯವಾಗಿದ್ದರು. 14 ವರ್ಷದೊಳಗಿನವರನ್ನು ಹೋಟೆಲು, ಢಾಬಾ, ಚಹಾದಂಗಡಿಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಯಿತು. ಅಂತಹ ಮಗು ಕಂಡರೆ 1098ಕ್ಕೆ ಕರೆ ಮಾಡಬಹುದು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಮಹಿಳೆಯರ ಲೈಂಗಿಕ ಕಿರುಕುಳದ ದೂರನ್ನು ಆಲಿಸಲು ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾನೂನು ವಿಧಿಸಿದೆ. ಸಂಬಳ ತಡೆಹಿಡಿದರೆ ಕಾರ್ಮಿಕ ಇಲಾಖೆಗೆ ದೂರು ಸಲ್ಲಿಸಬಹುದು.

ಆದರೆ ಕಾನೂನಿಗಿಂತ ಮೊದಲು ಮನೆಯವರು ಕಿವಿಗೊಡಬೇಕು. ಹೋಟೆಲಿನಲ್ಲಿ ದುಡಿಯುವ ಮಗ ಫೋನಿನಲ್ಲಿ ಮಾತು ಕಡಿಮೆ ಮಾಡಿದಾಗ, ರಜೆ ಮುಗಿದು ಹೊರಡುವ ಮುನ್ನಾದಿನ ಮಂಕಾದಾಗ, ತಾಳಿಕೋ ಎಂದಷ್ಟೇ ಹೇಳಿ ಕಳುಹಿಸಬಾರದು. ನಡೆದುದನ್ನು ದಿನಾಂಕಸಹಿತ ಬರೆದಿಡಲು ತಿಳಿಸಬೇಕು. ಮೂಲ ಪ್ರಮಾಣಪತ್ರಗಳನ್ನು ಮಾಲೀಕರ ವಶಕ್ಕೆ ಒಪ್ಪಿಸದಂತೆ ಎಚ್ಚರಿಸಬೇಕು. ಕೆಲಸ ಬಿಟ್ಟು ಬಂದರೆ ಮನೆಯ ಬಾಗಿಲು ತೆರೆದಿದೆಯೆಂಬ ಭರವಸೆ ಅವನಿಗಿರಬೇಕು.

ನಮ್ಮ ನಡುವೆ ಹೋಟೆಲ್ ಮಾಲೀಕರಿದ್ದಾರೆ; ಗಿರಾಕಿಗಳಂತೂ ನಾವೆಲ್ಲರೂ. ಕೆಲಸಗಾರರು ಗುಲಾಮರಲ್ಲವೆಂದು ಜಗದ್ಗುರು ಹದಿಮೂರನೆಯ ಲಿಯೋರವರು 1891ರಲ್ಲೇ ತಮ್ಮ ವಿಶ್ವಪತ್ರದಲ್ಲಿ ಮಾಲೀಕರಿಗೆ ನೆನಪಿಸಿದ್ದರು. ದೋಸೆ ತಡವಾದುದಕ್ಕೆ ನಾವು ಸಪ್ಲೈಯರನ ಮೇಲೆ ಹರಿಹಾಯ್ದರೆ ಆ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಗಲ್ಲಾಪೆಟ್ಟಿಗೆಯನ್ನು ದಾಟಿ, ಒಳಗೆ ಪಾತ್ರೆ ತೊಳೆಯುವ ಹುಡುಗನ ತಲೆಯ ಮೇಲೆ ಬೀಳುತ್ತದೆ. ಆ ಸರಪಳಿಯ ಒಂದು ಕೊಂಡಿ ನಮ್ಮ ನಾಲಿಗೆಯೇ ಎಂಬುದನ್ನು ಮರೆಯದಿರೋಣ.