ಕ್ಯಾಮೆರಾದ ಒಡಲಿಗೂ ಲೆನ್ಸಿಗೂ ಮಾತು ತಪ್ಪಿದಾಗ

ಶಾಲೆಯ ಮಹೋತ್ಸವದ ದಿನ ಪೂಜ್ಯರು, ಗುರುವೃಂದದವರು, ಹಳೆಯ ವಿದ್ಯಾರ್ಥಿಗಳು ಸಾಲಾಗಿ ನಿಂತಿರುವಾಗ ಕ್ಯಾಮೆರಾದ ಪರದೆಯ ಮೇಲೆ 'ಎರರ್ 01' ಎಂದು ಮೂಡಿದರೆ ಛಾಯಾಗ್ರಾಹಕನಿಗಾಗುವ ಸಂಕಟ ಅಷ್ಟಿಷ್ಟಲ್ಲ. ಆ ಸಾಲು ಹಾಗೆಯೇ ಮತ್ತೊಮ್ಮೆ ಕೂಡುವುದು ದುರ್ಲಭ. ಮುಂದಿನ ನಷ್ಟ ಇನ್ನೂ ದೊಡ್ಡದು: ಯಂತ್ರವೇ ಹಾಳಾಯಿತೆಂದು ಬಗೆದು, ದಾನಿಗಳು ಅಭಿಮಾನದಿಂದ ಕೊಟ್ಟ ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಮರೆಯುವುದುಂಟು. ಅನೇಕ ವೇಳೆ ಅಲ್ಲಿ ಕೆಟ್ಟಿರುವುದು ಒಡಲೂ ಅಲ್ಲ, ಲೆನ್ಸೂ ಅಲ್ಲ. ಅವೆರಡೂ ಕೂಡುವ ಸಂಧಿಸ್ಥಾನ ಮಾತ್ರ.

ವ್ಯವಹಾರದಲ್ಲಿ ಲೆನ್ಸ್ ಎನಿಸಿಕೊಂಡದ್ದು ಪಠ್ಯಪುಸ್ತಕದ ಒಂಟಿ ಮಸೂರವಲ್ಲ. ಹಲವು ಮಸೂರಗಳೊಡನೆ, ಬೆಳಕಿನ ಕಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರಿನ ಅಲಗುಗಳು, ಪುಟ್ಟ ಮೋಟಾರುಗಳು, ವಿದ್ಯುನ್ಮಂಡಲ ಇವೆಲ್ಲವನ್ನೂ ಒಳಗೊಂಡ ನಳಿಕೆ ಅದು. ಆದಕಾರಣ ಮಸೂರವೆಂಬ ಸೊಗಸಾದ ಶಬ್ದವಿದ್ದರೂ ಇಲ್ಲಿ ಲೆನ್ಸ್ ಎಂಬುದೇ ಯುಕ್ತವಾದುದು.

1959ರಲ್ಲಿ ನಿಕಾನ್ ಸಂಸ್ಥೆ ಹೊರತಂದ ಎಫ್ ಕ್ಯಾಮೆರಾದಲ್ಲಿ ಒಡಲು ಅಪರ್ಚರನ್ನು ನಡೆಸುತ್ತಿದ್ದುದು ಸಣ್ಣದೊಂದು ಸನ್ನೆಕಡ್ಡಿಯಿಂದ. 1987ರಲ್ಲಿ ಕ್ಯಾನನ್ ಸಂಸ್ಥೆ ಇಒಎಸ್ 650ರೊಡನೆ ತಂದ ಇಎಫ್ ಜೋಡಣೆಯಲ್ಲಿ ಆ ಸನ್ನೆಕಡ್ಡಿಯೇ ಇಲ್ಲವಾಯಿತು. ಒಡಲು ವಿದ್ಯುತ್ಸಂಕೇತವಾಗಿ ಆಜ್ಞೆ ಕಳುಹುವುದು, ಲೆನ್ಸಿನೊಳಗಿನ ಮೋಟಾರು ಅದನ್ನು ನೆರವೇರಿಸುವುದು ಎಂಬ ವ್ಯವಸ್ಥೆ ಬಂದಿತು. ಒಡಲಿನ ಬಾಯಿಯ ಅಂಚಿನಲ್ಲಿ ಸ್ಪ್ರಿಂಗಿನ ಮೇಲೆ ಕುಳಿತ, ಚಿನ್ನದ ಲೇಪವುಳ್ಳ ಎಂಟು ಪುಟ್ಟ ಮೊಳೆಗಳೇ ಈ ಸಂವಾದದ ನಾಲಗೆಗಳು. ಕೆಲವು ಮೋಟಾರಿಗೆ ವಿದ್ಯುತ್ತನ್ನು ಒಯ್ದರೆ ಕೆಲವು ಆಜ್ಞೆಗಳನ್ನೂ ಪ್ರತ್ಯುತ್ತರಗಳನ್ನೂ ಸಾಗಿಸುತ್ತವೆ. ವ್ಯಾಕರಣದ ಲೋಪಸಂಧಿಯಲ್ಲಿ ಸ್ವರವೊಂದು ಬಿದ್ದುಹೋದರೂ ಅರ್ಥ ಕೆಡುವುದಿಲ್ಲ. ಈ ಸಂಧಿಗೆ ಅಂತಹ ಔದಾರ್ಯವಿಲ್ಲ. ಒಂದು ಮೊಳೆ ತಾಗದಿದ್ದರೂ ಮಾತು ಮುರಿಯಬಹುದು.

ದೋಷ ಯಾರದೆಂದು ತಿಳಿಯಲು ತರ್ಕಶಾಸ್ತ್ರದ ಅನ್ವಯ-ವ್ಯತಿರೇಕ ಕ್ರಮಕ್ಕಿಂತ ಉತ್ತಮವಾದ ಉಪಾಯವಿಲ್ಲ. ಅದೇ ಒಡಲಿಗೆ ಬೇರೆ ಲೆನ್ಸನ್ನೂ ಅದೇ ಲೆನ್ಸಿಗೆ ಬೇರೆ ಒಡಲನ್ನೂ ಜೋಡಿಸಿ ನೋಡಬೇಕು. ದೋಷವು ಯಾವುದರ ಬೆನ್ನುಹತ್ತಿ ಹೋಗುವುದೋ ಅದೇ ದೋಷಿ. ನಡುವೆ ಅಡಾಪ್ಟರ್, ಟೆಲಿಕನ್ವರ್ಟರ್ ಮೊದಲಾದುವಿದ್ದರೆ ಅವನ್ನು ಮೊದಲು ಕಳಚುವುದು ಲೇಸು. ಒಂದು ಸಂಧಿಯಿರಬೇಕಾದಲ್ಲಿ ಅವು ಎರಡು ಸಂಧಿಗಳನ್ನು ಮಾಡುತ್ತವೆ.

ಅನಂತರ ಶುಚಿಕಾರ್ಯ. ಬೆರಳಿನ ಬೆವರು, ಜಿಡ್ಡು, ಧೂಳು ಇವು ಕಣ್ಣಿಗೆ ಕಾಣದ ಪೊರೆಯಾಗಿ ಕೂರುತ್ತವೆ. ಕ್ಯಾಮೆರಾದ ಸ್ವಿಚ್ ಆರಿಸಿ, ಬ್ಯಾಟರಿ ತೆಗೆದು, ಒಡಲಿನ ಬಾಯಿ ಕೆಳಮುಖವಾಗಿರುವಂತೆ ಹಿಡಿದು, ನೂಲೆಳೆ ಬಿಡದ ಒಣಬಟ್ಟೆಯಿಂದ ಎರಡೂ ಕಡೆಯ ಸ್ಪರ್ಶಬಿಂದುಗಳನ್ನು ಮೆಲ್ಲನೆ ಒರೆಸಬೇಕು. ಜಿಡ್ಡು ಬಿಡದಿದ್ದರೆ ಬಟ್ಟೆಯ ತುದಿಗೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ತುಸುವೇ ಸೋಕಿಸಬಹುದು. ಪೆನ್ಸಿಲಿನ ರಬ್ಬರಿನಿಂದ ಉಜ್ಜುವವರಿದ್ದಾರೆ. ಅದರ ಪುಡಿ ಒಳಗೆ ಬೀಳುತ್ತದೆ, ಚಿನ್ನದ ಲೇಪವೂ ಸವೆಯುತ್ತದೆ. ಹುಣಸೆಹಣ್ಣು, ಬೂದಿ ಹಾಕಿ ಬೆಳಗುವ ಹಿತ್ತಾಳೆಯ ಚೊಂಬಲ್ಲ ಇದು! ಮೊಳೆಗಳೆಲ್ಲ ಸಮ ಎತ್ತರದಲ್ಲಿವೆಯೇ, ಯಾವುದಾದರೂ ಒಳಸರಿದು ಸಿಕ್ಕಿಕೊಂಡಿದೆಯೇ ಎಂಬುದನ್ನೂ ಆಗಲೇ ಗಮನಿಸಬೇಕು. ಲೆನ್ಸು ಒಡಲಿನಲ್ಲಿ ಅಲುಗಾಡುತ್ತಿದ್ದರೆ ಲೋಹದ ಬಳೆಯ ತಿರುಪುಗಳು ಸಡಿಲಗೊಂಡಿರಬಹುದು. ಸ್ಪರ್ಶ ಬಂದು ಬಂದು ಹೋಗುವುದಕ್ಕೆ ಅದೂ ಒಂದು ಕಾರಣ.

ಇಷ್ಟಾದರೂ ಪರಿಹಾರ ದೊರೆಯದಿದ್ದಾಗ ಬಹುಜನರು ಎಡವುತ್ತಾರೆ. ಕ್ಯಾನನ್ ಯಂತ್ರದ ಸಂದೇಶವು ಸ್ಪರ್ಶಬಿಂದುಗಳನ್ನು ಶುಚಿಗೊಳಿಸಿರೆಂದೇ ಹೇಳುವುದರಿಂದ ಮತ್ತೆ ಮತ್ತೆ ಉಜ್ಜುತ್ತಾರೆ. ಆದರೆ ಆ ಸಂದೇಶವು ಲಕ್ಷಣವನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ. ದೃಶ್ಯವನ್ನು ನೋಡುವಾಗ ಅಪರ್ಚರ್ ಪೂರ್ಣವಾಗಿ ತೆರೆದಿರುತ್ತದೆ. ಷಟರ್ ಗುಂಡಿ ಒತ್ತಿದ ಕ್ಷಣದಲ್ಲಿ ಮಾತ್ರ ಅಲಗುಗಳು ಗೊತ್ತುಮಾಡಿದ ಅಳತೆಗೆ ಮುಚ್ಚಿ ಮರಳಿ ತೆರೆಯುತ್ತವೆ. ಆದುದರಿಂದ ಲೆನ್ಸಿನ ಅತಿ ಕಡಿಮೆ ಅಪರ್ಚರ್ ಸಂಖ್ಯೆಯಲ್ಲಿ, 4 ಎಂದಿಟ್ಟುಕೊಳ್ಳೋಣ, ಒಂದು ಚಿತ್ರವನ್ನೂ 8ರಲ್ಲಿ ಇನ್ನೊಂದನ್ನೂ ತೆಗೆಯಬೇಕು. 4ರಲ್ಲಿ ನಿರಾತಂಕವಾಗಿ ಬಂದು 8ರಲ್ಲಿ ಮಾತ್ರ ದೋಷ ಕಂಡರೆ ಸ್ಪರ್ಶಬಿಂದುಗಳು ಬಹುಮಟ್ಟಿಗೆ ನಿರಪರಾಧಿಗಳು. ಅಪರ್ಚರಿನ ಮೋಟಾರೋ ಅದಕ್ಕೆ ಹೋಗುವ ಕಾಗದದಷ್ಟು ತೆಳುವಾದ ರಿಬ್ಬನ್ ತಂತಿಯೋ ಕೆಟ್ಟಿರಬಹುದು. ಜೂಮ್ ತಿರುಗಿಸಿದಂತೆಲ್ಲ ಆ ತಂತಿ ಮಡಿಸಿ ಬಿಚ್ಚಿ ವರ್ಷಾಂತರದಲ್ಲಿ ಬಿರುಕುಬಿಡುವುದುಂಟು. ಜೂಮಿನ ಒಂದು ನೆಲೆಯಲ್ಲಿ ಸರಿಯಿದ್ದು ಮತ್ತೊಂದರಲ್ಲಿ ತಪ್ಪುವ ಲೆನ್ಸು ಈ ಅನುಮಾನವನ್ನು ಬಲಪಡಿಸುತ್ತದೆ.

ನಿಕಾನ್ ಯಂತ್ರಗಳಲ್ಲಿ ಕಾಣುವ 'ಎಫ್‌ಇಇ' ಎಂಬ ಸಂಕೇತ ದೋಷವೇ ಅಲ್ಲ. ಲೆನ್ಸಿನ ಮೇಲಿನ ಅಪರ್ಚರ್ ಬಳೆಯನ್ನು ಅತಿ ದೊಡ್ಡ ಸಂಖ್ಯೆಗೆ ತಿರುಗಿಸಿ ಬೀಗ ಹಾಕಿದರೆ ಅದು ಮಾಯವಾಗುತ್ತದೆ. ಇದನ್ನರಿಯದೆ ದುರಸ್ತಿಗೆ ಹಣ ತೆರುವುದು ವ್ಯರ್ಥ.

ರಿಬ್ಬನ್ ತಂತಿ ಬಿರುಕುಬಿಟ್ಟ ಲೆನ್ಸೂ ಪೂರ್ಣ ತೆರೆದ ಅಪರ್ಚರಿನಲ್ಲಿ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಸಮಾರಂಭದ ದಿನ ಬೇರೆ ಗತಿಯಿಲ್ಲದಿದ್ದರೆ ಅದೇ ಅಳತೆಯಲ್ಲಿ ತೆಗೆಯಬಹುದು. ಹಿಂದಿನ ಸಾಲಿನ ಮುಖಗಳು ಮಸುಕಾಗುವ ಭಯವಿರುವುದರಿಂದ ಜನರನ್ನು ಐದಾರು ಸಾಲು ನಿಲ್ಲಿಸದೆ ಒಂದೆರಡು ಸಾಲುಗಳಲ್ಲಿ ಒತ್ತಾಗಿ ನಿಲ್ಲಿಸಿ, ಕ್ಯಾಮೆರಾವನ್ನು ತುಸು ಹಿಂದಕ್ಕೆ ಒಯ್ಯಬೇಕು. ಬಳಿಕ ದುರಸ್ತಿಗೆ ಕಳುಹುವಾಗ 'ಕ್ಯಾಮೆರಾ ಕೆಟ್ಟಿದೆ' ಎಂದಷ್ಟೇ ಹೇಳಬಾರದು. ದೋಷ ಯಾವ ಅಪರ್ಚರ್ ಸಂಖ್ಯೆಯಲ್ಲಿ, ಜೂಮಿನ ಯಾವ ನೆಲೆಯಲ್ಲಿ ಕಂಡಿತು, ಬೇರೆ ಒಡಲಿನಲ್ಲಿಯೂ ಕಂಡಿತೇ ಎಂಬ ಮೂರು ಸಂಗತಿಗಳನ್ನು ಚೀಟಿಯಲ್ಲಿ ಬರೆದು ಲೆನ್ಸಿನೊಡನೆ ಇರಿಸಿದರೆ ದುರಸ್ತಿಗಾರನು ನೇರವಾಗಿ ಆ ಜಾಗವನ್ನೇ ಬಿಚ್ಚುತ್ತಾನೆ.