ಪಾಲೆಯ ಕೆತ್ತೆ, ಕಾಯೆರಿನ ಕೆತ್ತೆ

ಮಿಲ್ಲಿಗೆ ಬರುವ ಮರಕ್ಕೆ ಎಲೆ ಇರುವುದಿಲ್ಲ. ಹೂವು, ಕಾಯಿ, ಕೊಂಬೆ ಎಲ್ಲ ಗುಡ್ಡೆಯಲ್ಲೇ ಉಳಿದಿರುತ್ತವೆ. ಲಾರಿಯಿಂದ ಉರುಳಿಸಿದ ದಿಮ್ಮಿಯಲ್ಲಿ ಗುರುತಿಗೆ ಸಿಗುವುದು ಸುತ್ತಲಿನ ಕೆತ್ತೆ ಮತ್ತು ಎರಡು ತುದಿಯ ಕೊಯ್ದ ಮುಖ, ಅಷ್ಟೇ. ಪುತ್ತೂರಿನ ಒಂದು ಮರದ ಮಿಲ್ಲಿನಲ್ಲಿ ನಾನು ರೈಟರ್ ಆಗಿದ್ದೆ. ಬಂದ ಮರದ ಜಾತಿ, ಉದ್ದ, ಸುತ್ತಳತೆ ಬರೆದಿಡುವ ಕೆಲಸ. ಉದ್ದಕ್ಕೂ ಸುತ್ತಳತೆಗೂ ಟೇಪು ಉಂಟು. ಜಾತಿಗೆ ಕಣ್ಣು, ಮೂಗು, ಬೆರಳು ಬಿಟ್ಟರೆ ಬೇರೇನಿಲ್ಲ. ತೊಗಟೆಗೆ ನಮ್ಮ ಕಡೆ ಕೆತ್ತೆ ಎಂದೇ ಹೇಳುವುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಕೆಲವು ಮರಗಳು ದೂರದಿಂದಲೇ ತಮ್ಮ ಹೆಸರು ಹೇಳುತ್ತವೆ. ಕರಿಮತ್ತಿ, ಅಂದರೆ ನಮ್ಮ ತುಳುವಿನ ಬಣಪು, ಮೊಸಳೆಯ ಬೆನ್ನಿನಂತೆ ಕಪ್ಪಾಗಿ, ಚೌಕ ಚೌಕವಾಗಿ ಒಡೆದಿರುತ್ತದೆ. ನಂದಿಯ ಕಾಂಡ ಬೆಳ್ಳಗೆ, ನುಣ್ಣಗೆ. ತೆಳುವಾದ ಹಾಳೆ ಹಾಳೆಯಾಗಿ ಸುಲಿದು ಬೀಳುತ್ತಿರುತ್ತದೆ. ತೇಗದ ಕೆತ್ತೆ ಉದ್ದುದ್ದ ಸೀಳುವ ತೆಳು ನಾರು. ಎಳೆಯ ಬೂರುಗಕ್ಕೆ ಮೈತುಂಬ ಮುಳ್ಳು. ಇವನ್ನು ಮಿಲ್ಲಿಗೆ ಚಾ ತರುವ ಹುಡುಗನೂ ಹೇಳುತ್ತಿದ್ದ. ಕಷ್ಟವಿದ್ದದ್ದು ಉಳಿದವುಗಳದ್ದು: ಬೂದು ಬಣ್ಣದ, ಅಷ್ಟಿಷ್ಟು ಒರಟಾದ, ಒಂದನ್ನು ನೋಡಿದರೆ ಇನ್ನೊಂದರ ಹಾಗೆ ಕಾಣುವ ನೂರೆಂಟು ಕಾಡುಜಾತಿಗಳು. ಅಂಥದ್ದು ಬಂದಾಗ ನಮ್ಮ ಮೇಸ್ತ್ರಿ ಹೇಳುತ್ತಿದ್ದದ್ದು ಒಂದೇ ಮಾತು: "ರೈಟ್ರೇ, ಬರೆಯುವ ಮೊದಲು ಒಂದು ಕಚ್ಚು ಹಾಕಿ ನೋಡುವ."

ಕತ್ತಿಯಲ್ಲಿ ಒಂದು ಕಚ್ಚು ಹಾಕಿದರೆ ಒಳಗಿನದು ಹೊರಗೆ ಬರುತ್ತದೆ. ಬೇಂಗ (ಹೊನ್ನೆ) ಆದರೆ ಕಡು ಕೆಂಪು ಅಂಟು ಒಸರುತ್ತದೆ. ಹಲಸು, ಹೆಬ್ಬಲಸಿನಲ್ಲಿ ಬಿಳಿ ಹಾಲು. ಪುನರ್ಪುಳಿಯ ಬಳಗಕ್ಕೆ ಹಳದಿ ಹಾಲು. ಸಾಲುಧೂಪದಲ್ಲಿ ರಾಳ, ಕಾಡು ದಾಲ್ಚಿನ್ನಿಯಲ್ಲಿ ಪರಿಮಳ. ಚೇರೆಯ ಸೊನೆ ಗಾಳಿ ತಾಗಿದರೆ ಕಪ್ಪಾಗುತ್ತದೆ, ಮೈಗೆ ತಾಗಿದರೆ ಬೊಬ್ಬೆ ಏಳಿಸುತ್ತದೆ. ಹಾಗಾಗಿ ಅದೊಂದಕ್ಕೆ ಕಚ್ಚು ಹಾಕುವ ಕೆಲಸವನ್ನು ಎಲ್ಲರೂ ಪಕ್ಕದವನಿಗೆ ಬಿಟ್ಟುಕೊಡುತ್ತಿದ್ದರು. ಮೇಸ್ತ್ರಿಯ ಈ ಉಪಾಯವನ್ನು ದೊಡ್ಡ ವಿದ್ವಾಂಸರೂ ಬಳಸುತ್ತಾರೆಂದು ನನಗೆ ಬಹಳ ತಡವಾಗಿ ತಿಳಿಯಿತು. ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನಿಂದ ಪ್ಯಾಸ್ಕಲ್ ಮತ್ತು ರಮೇಶ್ ಅವರು 1987ರಲ್ಲಿ ಹೊರತಂದ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರಗಳ ಕೈಪಿಡಿ ಹೂ ಕಾಯಿ ಸಿಗದಾಗ ಗುರುತಿಸುವುದಕ್ಕೆಂದೇ ಬರೆದದ್ದು. ಅದರಲ್ಲೂ ಕಚ್ಚಿನೊಳಗಿನ ಬಣ್ಣಕ್ಕೆ, ಹಾಲಿಗೆ, ವಾಸನೆಗೆ ಬೆಲೆ ಇದೆ.

ಹೊರಗಿನ ಕೆತ್ತೆ ಯಾಕೆ ಮೋಸ ಮಾಡುತ್ತದೆ? ಅದು ಸತ್ತ ಭಾಗ. ಮರ ಒಳಗಿನಿಂದ ದಪ್ಪವಾಗುತ್ತಾ ಹೋದಂತೆ ಹೊರಗಿನ ಸತ್ತ ಪದರಕ್ಕೆ ಹಿಗ್ಗಲು ಆಗುವುದಿಲ್ಲ. ಒಡೆಯಬೇಕು ಇಲ್ಲವೇ ಉದುರಬೇಕು. ಮಾವು ಒಡೆಯುವ ಜಾತಿ, ಅಂಗಳದ ಪೇರಳೆ ಉದುರಿಸುವ ಜಾತಿ. ಎಳೆಯದರಲ್ಲಿ ನುಣುಪಾಗಿದ್ದ ಮರವೇ ವಯಸ್ಸಾದಾಗ ಬಿರುಕು ಬಿಟ್ಟು ಬೇರೆ ಮರವೇ ಎನ್ನಿಸುತ್ತದೆ. ಬುಡದ ಕೆತ್ತೆ ಒಂದು ಥರ, ಮೇಲಿನ ಗೆಲ್ಲಿನದು ಇನ್ನೊಂದು ಥರ. ಒಳಕೆತ್ತೆ ಮಾತ್ರ ಜೀವಂತ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಅದರ ಮೂಲಕ. ಹಾಲಿನ ನಾಳಗಳು ಇರುವುದೂ ಅಲ್ಲೇ. ಸುಳ್ಯದ ಕಡೆ ರಬ್ಬರ್ ಟ್ಯಾಪಿಂಗ್ ಮಾಡುವವರನ್ನು ಕೇಳಿದರೆ ಈ ಪಾಠ ಪುಸ್ತಕಕ್ಕಿಂತ ಚೆನ್ನಾಗಿ ಸಿಗುತ್ತದೆ. ಅವರ ಚೂರಿ ಒಳಕೆತ್ತೆಯ ಹಾಲಿನ ನಾಳದವರೆಗೆ ಹೋಗಬೇಕು, ಅದರ ಒಳಗಿರುವ ಬೆಳೆಯುವ ಪದರಕ್ಕೆ ತಾಗಬಾರದು. ತಾಗಿದರೆ ಅಲ್ಲಿ ಗಂಟು ಕಟ್ಟಿ, ಮತ್ತೆ ಆ ಜಾಗದಲ್ಲಿ ಸರಿಯಾಗಿ ಟ್ಯಾಪಿಂಗ್ ಮಾಡಲು ಬರುವುದಿಲ್ಲ.

ಇದೆಲ್ಲ ವ್ಯಾಪಾರದ ಮಾತಾಯಿತು. ಮಿಲ್ಲಿನಲ್ಲಿ ಜಾತಿ ತಪ್ಪಿದರೆ ಹೆಚ್ಚೆಂದರೆ ದುಡ್ಡಿನ ನಷ್ಟ. ಕೆತ್ತೆಯ ಗುರುತು ತಪ್ಪಿದರೆ ಜೀವಕ್ಕೇ ಸಂಚಕಾರ ಬರುವ ದಿನ ನಮ್ಮಲ್ಲಿ ವರ್ಷಕ್ಕೊಂದು ಬರುತ್ತದೆ: ಆಟಿ ಅಮಾವಾಸ್ಯೆ.

ಪುತ್ತೂರು, ಸುಳ್ಯ ಮತ್ತು ಇವೆರಡರ ಗ್ರಾಮಗಳನ್ನು ಸೇರಿಸಿ ಆದ ಕಡಬ, ಈ ಮೂರೂ ತಾಲೂಕುಗಳಲ್ಲಿ ಆ ದಿನದ ಪಾಲೆ ಕಷಾಯ ಗೊತ್ತಿಲ್ಲದವರು ಇಲ್ಲ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ. ಆಟಿ ಎಂದರೆ ತುಳುವರ ಮಳೆಗಾಲದ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಅಮಾವಾಸ್ಯೆ 2024ರಲ್ಲಿ ಆಗಸ್ಟ್ 4ಕ್ಕೆ, 2025ರಲ್ಲಿ ಜುಲೈ 24ಕ್ಕೆ ಬಂದಿತ್ತು. ಅಂದು ಬೆಳಕು ಹರಿಯುವ ಮೊದಲೇ ಮನೆಯ ಗಂಡಸು ಪಾಲೆ ಮರದ ಹತ್ತಿರ ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆದು ತರಬೇಕು. ಅದನ್ನು ಓಮ, ಕಾಳುಮೆಣಸು, ಬೆಳ್ಳುಳ್ಳಿಯ ಜತೆ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬೊಳ್ಳುಕಲ್ಲನ್ನು (ಬಿಳಿ ಕಲ್ಲು) ಅದರಲ್ಲಿ ಮುಳುಗಿಸಿ, ಖಾಲಿ ಹೊಟ್ಟೆಯಲ್ಲಿ ಎಲ್ಲರೂ ಕುಡಿಯುತ್ತಾರೆ. ಕಹಿ ಎಂದರೆ ಅಂಥಿಂಥ ಕಹಿಯಲ್ಲ. ಆಮೇಲೆ ದೇಹಕ್ಕೆ ತಂಪಾಗಲೆಂದು ಮೆಂತೆ ಗಂಜಿ. ಆ ಮುಂಜಾನೆ ಪಾಲೆಯಲ್ಲಿ ಸಾವಿರದೊಂದು ಮದ್ದು ಸೇರಿರುತ್ತದೆ ಎಂಬುದು ನಂಬಿಕೆ. ಒಂದೇ ಮುಂಜಾನೆ ಸಾವಿರ ಮದ್ದು ಬಂದು ಸೇರುತ್ತದೆಂದು ನಾನು ನಂಬಿದವನಲ್ಲ. ಆದರೂ ಕುಡಿದಿದ್ದೇನೆ, ಈಗಲೂ ಕುಡಿಯುತ್ತೇನೆ.

ಪಾಲೆ ಎಂದರೆ ಕನ್ನಡದ ಹಾಲೆ, ಸಂಸ್ಕೃತದ ಸಪ್ತಪರ್ಣಿ, ಸಸ್ಯಶಾಸ್ತ್ರದ ಆಲ್ಸ್ಟೋನಿಯಾ ಸ್ಕೊಲಾರಿಸ್. ಹಗುರವಾದ ಅದರ ಮರದಿಂದ ಮಕ್ಕಳಿಗೆ ಬರೆಯುವ ಹಲಗೆ ಮಾಡುತ್ತಿದ್ದರು, ಆ ಸ್ಕೊಲಾರಿಸ್ ಬಂದದ್ದು ಹಾಗೆ. ಶಾಂತಿನಿಕೇತನದ ಘಟಿಕೋತ್ಸವದಲ್ಲಿ ಪದವೀಧರರಿಗೆ ಕೊಡುತ್ತಿದ್ದದ್ದು ಇದರ ಎಲೆಯನ್ನೇ. ಫಿಲಿಪ್ಪೀನ್ಸಿನಲ್ಲಿ ಇದೇ ಕೆತ್ತೆಯನ್ನು ಜ್ವರಕ್ಕೆ ಕೊಡುತ್ತಿದ್ದರು.

ಇನ್ನೊಂದು ಮರ ಕಾಸರಕ, ತುಳುವಿನಲ್ಲಿ ಕಾಯೆರ್. ಪಾಲೆ ಬೆಳೆಯುವ ಮುರಕಲ್ಲಿನ ಗುಡ್ಡೆಯಲ್ಲೇ, ತೋಟದ ಬದಿಯಲ್ಲೇ ಇದೂ ಬೆಳೆಯುತ್ತದೆ. ಇದರ ಬೀಜ, ಕೆತ್ತೆ ಎರಡರಲ್ಲೂ ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಎಂಬ ವಿಷಗಳಿವೆ. ಪಾಲೆಯೆಂದು ತಿಳಿದು ಕಾಯೆರಿನ ಕೆತ್ತೆಯ ಕಷಾಯ ಕುಡಿದು ಆಸ್ಪತ್ರೆ ಸೇರಿದವರ ಸುದ್ದಿ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಬಂದಿದೆ. ಆಟಿ ಹತ್ತಿರವಾದಂತೆ ಆಯುರ್ವೇದ ವೈದ್ಯರು ಎಚ್ಚರಿಕೆ ಕೊಡುವುದೂ ಅದಕ್ಕಾಗಿಯೇ.

ಕೆತ್ತೆಯ ಲೆಕ್ಕ ಬರೆದವನಾಗಿ ಯೋಚಿಸಿದರೆ, ಮರ ಗುರುತಿಸಲು ಇದಕ್ಕಿಂತ ಕೆಟ್ಟ ಹೊತ್ತು ವರ್ಷದಲ್ಲೇ ಇಲ್ಲ. ಚಂದ್ರನಿಲ್ಲದ ಕತ್ತಲು. ವರ್ಷಕ್ಕೆ 3,500 ಮಿಲ್ಲಿಮೀಟರ್ ದಾಟಿ ಮಳೆ ಸುರಿಯುವ ಊರಿನಲ್ಲಿ ಜಡಿಮಳೆಯ ತಿಂಗಳು. ಕೆತ್ತೆಗಳೆಲ್ಲ ನೆನೆದು ಒಂದೇ ಸಮ ಕಪ್ಪು; ಮೇಲೆ ಪಾಚಿ, ಕಲ್ಲುಹೂವು. ಬೂದು, ತಿಳಿಹಳದಿ, ಕಂದು ಎಂದು ನಾವು ಬಿಸಿಲಿನಲ್ಲಿ ಮಾಡುತ್ತಿದ್ದ ಭೇದ ಟಾರ್ಚಿನ ಬೆಳಕಿನಲ್ಲಿ ಉಳಿಯುವುದೇ ಇಲ್ಲ. ಪಾಲೆ ದೊಡ್ಡದಾದರೆ ಎಲೆ ಬೆಳಕಿಗೆ ಎಟುಕದಷ್ಟು ಎತ್ತರ. ಇನ್ನು ರುಚಿ ನೋಡಿ ತಿಳಿಯೋಣವೆಂದರೆ ಕಾಯೆರೂ ಕಡು ಕಹಿ. ಕಹಿ ಇದೆಯಲ್ಲ, ಹಾಗಾದರೆ ಪಾಲೆಯೇ ಎಂದುಕೊಂಡರೆ ಮುಗಿಯಿತು.

ಕೆತ್ತೆಯಲ್ಲಿ ವ್ಯತ್ಯಾಸ ಇಲ್ಲವೆಂದಲ್ಲ. ಬಲಿತ ಪಾಲೆಯದು ದಪ್ಪ, ಒರಟು, ಮೈಮೇಲೆ ಸಣ್ಣ ಸಣ್ಣ ಗುಳ್ಳೆ. ಕಲ್ಲಿನಲ್ಲಿ ಜಜ್ಜಿದರೆ ಸುಲಭದಲ್ಲಿ ಬಿಡುತ್ತದೆ, ಜಜ್ಜಿದ ಜಾಗದಿಂದ ಧಾರಾಳ ಬಿಳಿ ಹಾಲು ಇಳಿಯುತ್ತದೆ. ಕಾಯೆರಿನ ಕೆತ್ತೆ ತೆಳು, ಹೆಚ್ಚು ಕಡಿಮೆ ನುಣುಪು, ಹಳದಿ ಛಾಯೆಯ ಬೂದು, ಮರಕ್ಕೆ ಕಚ್ಚಿಕೊಂಡಿರುತ್ತದೆ. ಅದಕ್ಕೆ ಹಾಲೇ ಇಲ್ಲ. ಆದ್ದರಿಂದ ಹಾಲು ಬಾರದ ಮರವನ್ನು ಅಲ್ಲಿಗೇ ಬಿಟ್ಟು ಬನ್ನಿ. ಹಾಲು ಬಂತೆಂದು ಮಾತ್ರ ಧೈರ್ಯ ಮಾಡಬೇಡಿ, ಯಾಕೆಂದರೆ ಹಾಲಿನ ಮರಗಳಲ್ಲೂ ವಿಷದವು ಇವೆ. ಘಟ್ಟದ ಕಾಡಿನ ಅಜ್ಜನಪಟ್ಟೆ ಮರದ ಕೆತ್ತೆಯನ್ನು ಬಡಿದು ಹಿಂದಿನವರು ಗೋಣಿಚೀಲ ಮಾಡುತ್ತಿದ್ದರು. ಅದರ ಹಾಲನ್ನು ಆಗ್ನೇಯ ಏಷ್ಯಾದಲ್ಲಿ ಬಾಣದ ತುದಿಗೆ ಹಚ್ಚುತ್ತಿದ್ದರು.

ಕಾಯೆರಿನ ಕೆತ್ತೆ ಮೋಸ ಮಾಡಿದ್ದು ನಮ್ಮನ್ನು ಮಾತ್ರ ಅಲ್ಲ. ಇನ್ನೂರು ವರ್ಷಗಳ ಹಿಂದೆ ಯುರೋಪಿನ ಔಷಧದಂಗಡಿಗಳಲ್ಲಿ ದಕ್ಷಿಣ ಅಮೆರಿಕದ ಅಂಗೊಸ್ಟುರಾ ಎಂಬ ತೊಗಟೆ ಜ್ವರದ ಮದ್ದಾಗಿ ಮಾರಾಟವಾಗುತ್ತಿತ್ತು. ಅದರ ನಡುವೆ ಬೇರೊಂದು ತೊಗಟೆ ಬೆರೆತು ಬಂದು, ಕುಡಿದವರು ಸೆಟೆದು ಬಿದ್ದರು. ಸುಳ್ಳು ಅಂಗೊಸ್ಟುರಾ ಎಂದು ಅದಕ್ಕೆ ಹೆಸರಾಯಿತು. 1819ರಲ್ಲಿ ಪ್ಯಾರಿಸಿನ ಪೆಲ್ಲೆತಿಯೆ ಮತ್ತು ಕವಾಂತೂ ಎಂಬ ಇಬ್ಬರು ಆ ತೊಗಟೆಯಿಂದ ಹೊಸ ವಿಷವೊಂದನ್ನು ಬೇರ್ಪಡಿಸಿದರು. ಅದು ಇಥಿಯೋಪಿಯದ ಬ್ರೂಸಿಯಾ ಗಿಡದ ತೊಗಟೆಯೆಂದು ಆಗ ಎಣಿಸಿದ್ದರಿಂದ ವಿಷಕ್ಕೆ ಬ್ರೂಸಿನ್ ಎಂದು ಹೆಸರಿಟ್ಟರು. ತೊಗಟೆ ನಿಜವಾಗಿ ನಮ್ಮ ಗುಡ್ಡೆಯ ಕಾಯೆರಿನದ್ದೇ. ಹಿಂದಿನ ವರ್ಷವಷ್ಟೇ ಸ್ಟ್ರಿಕ್ನಿನ್ ಬೇರ್ಪಡಿಸಿದ್ದ ರಸಾಯನಶಾಸ್ತ್ರಜ್ಞರ ಕಣ್ಣಿಗೂ, ಹಗಲು ಬೆಳಕಿನಲ್ಲಿ, ಮೇಜಿನ ಮೇಲೆ ಇಟ್ಟುಕೊಂಡ ಕೆತ್ತೆ ತನ್ನ ಮರವನ್ನು ಬಿಟ್ಟುಕೊಡಲಿಲ್ಲ. ಮುಂದೆ ಇವೆರಡು ತೊಗಟೆಗಳನ್ನು ಬೇರೆ ಮಾಡಲು ಬಂದ ಪರೀಕ್ಷೆಯೂ ಒಳಗಿನದ್ದೇ: ತೊಗಟೆಯ ಒಳಮೈಗೆ ನೈಟ್ರಿಕ್ ಆಮ್ಲದ ಹನಿ ಬಿಟ್ಟರೆ ಬ್ರೂಸಿನ್ ಇರುವುದು ಕೆಂಪಾಗುತ್ತದೆ.

ಅವರಿಗೂ ಮಿಲ್ಲಿನ ನಮಗೂ ಕೆತ್ತೆ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಆಟಿಯಲ್ಲಿ ಪಾಲೆ ಹುಡುಕುವವರಿಗೆ ಆ ಕಷ್ಟವಿಲ್ಲ, ಅವರ ಎದುರು ಇಡೀ ಮರ ನಿಂತಿದೆ. ಹಗಲಿನಲ್ಲಿ ಹೋಗಿ ತಲೆಯೆತ್ತಿ ನೋಡಿದರೆ ಇವೆರಡರ ನಡುವೆ ಗೊಂದಲಕ್ಕೆ ಜಾಗವೇ ಇಲ್ಲ. ಪಾಲೆಯಲ್ಲಿ ಒಂದೇ ಗಂಟಿನ ಸುತ್ತ ಐದೋ ಆರೋ ಏಳೋ ಎಲೆ ವೃತ್ತವಾಗಿ ಹೊರಡುತ್ತವೆ. ಗೆಲ್ಲುಗಳೂ ಹಾಗೆಯೇ ಸುತ್ತಲೂ ಹೊರಟು ಮಾಳಿಗೆ ಮಾಳಿಗೆಯಾಗಿ ಮೇಲೇರುತ್ತವೆ. ಎಲೆ ಉದ್ದ, ನಡುನರದಿಂದ ಎರಡೂ ಬದಿಗೆ ಒತ್ತೊತ್ತಾಗಿ ಸಮಾನಾಂತರ ನರಗಳು. ಕಾಯೆರಿನಲ್ಲಿ ಎಲೆ ಎದುರು ಬದುರಾಗಿ ಎರಡೆರಡು. ಅಗಲ, ಹೊಳಪು, ಬುಡದಿಂದಲೇ ಮೂರೋ ಐದೋ ನರ ಕವಲೊಡೆದು ತುದಿಯತ್ತ ಹೋಗುತ್ತವೆ. ಹಣ್ಣು ಕಿತ್ತಳೆ ಬಣ್ಣದ ಉಂಡೆ. ಪಾಲೆಗೆ ಕೋಡಿನಂಥ ಸಪೂರ ಉದ್ದ ಕಾಯಿ, ಜೋಡಿ ಜೋಡಿಯಾಗಿ ನೇತಾಡುತ್ತದೆ.

ತಿಳಿದವರು ಹಿಂದಿನ ಹಗಲೇ ಹೋಗಿ ಮರಕ್ಕೆ ನೂಲು ಕಟ್ಟಿ ಬರುತ್ತಾರೆ. ಕತ್ತಲಲ್ಲಿ ಹುಡುಕಬೇಕಾದ್ದು ಮರವನ್ನಲ್ಲ, ನೂಲನ್ನು. ಕಟ್ಟಳೆಯಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಭಾಗ ಇದೇ, ಈಚೆಗೆ ಬಿಟ್ಟುಹೋಗುತ್ತಿರುವುದೂ ಇದೇ. ಊರಲ್ಲಿ ಇಲ್ಲದವರು ಹಿಂದಿನ ರಾತ್ರಿ ಬೆಂಗಳೂರು ಬಸ್ಸಿನಲ್ಲಿ ಬಂದಿಳಿದು, ಟಾರ್ಚು ಹಿಡಿದು ನೇರ ಗುಡ್ಡೆ ಹತ್ತುತ್ತಾರೆ. ಅಂಥವರಿಗೆ ಸಂಘ ಸಂಸ್ಥೆಗಳು ತಯಾರಿಸಿ ಹಂಚುವ ಕಷಾಯವೇ ವಾಸಿ.

ಕಲ್ಲಿನಲ್ಲಿ ಜಜ್ಜುವವರಿಗೆ ಇನ್ನೊಂದು ಮಾತು. ಒಂದೇ ಬದಿಯಿಂದ ಅಂಗೈ ಅಗಲ ತೆಗೆಯಿರಿ. ದಾರಿ ಬದಿಯ ಪಾಲೆಗೆ ಹತ್ತು ಮನೆಯವರು ಹತ್ತು ಕಡೆಯಿಂದ ಬಂದು ಸುತ್ತಲೂ ಕೆತ್ತೆ ಸುಲಿದರೆ ಬೇರಿಗೆ ಆಹಾರ ಇಳಿಯುವ ದಾರಿಯೇ ಕಡಿದುಹೋಗಿ ಮರ ನಿಂತಲ್ಲೇ ಸಾಯುತ್ತದೆ.

ಕಷಾಯ ಕುಡಿದ ಅರ್ಧ ಗಂಟೆ, ಒಂದು ಗಂಟೆಯೊಳಗೆ ಯಾರಿಗಾದರೂ ಕುತ್ತಿಗೆ, ದವಡೆ ಬಿಗಿದು, ಮುಟ್ಟಿದರೆ ಅಥವಾ ಸದ್ದಾದರೆ ಮೈ ಸೆಟೆದುಕೊಳ್ಳತೊಡಗಿದರೆ ಮೆಂತೆ ಗಂಜಿಯಿಂದ ಇಳಿದೀತೆಂದು ಕಾಯಬೇಡಿ. ಬೊಳ್ಳುಕಲ್ಲಿನ ಬಿಸಿಗೆ ಸ್ಟ್ರಿಕ್ನಿನ್ ನಾಶವಾಗುವುದಿಲ್ಲ. ಮನೆಯಲ್ಲಿ ವಾಂತಿ ಮಾಡಿಸಲು ಹೋಗದೆ, ಅಲ್ಲಾಡಿಸದೆ ಆಸ್ಪತ್ರೆಗೆ ಒಯ್ಯಿರಿ. ಅದೇ ಪಾತ್ರೆಯಿಂದ ಕುಡಿದ ಉಳಿದವರನ್ನೂ ಜತೆಗೆ ಕರೆದುಕೊಂಡು ಹೋಗಿ. ಅರೆಯದೆ ಉಳಿದ ಕೆತ್ತೆಯ ತುಂಡೊಂದನ್ನು ಚೀಲಕ್ಕೆ ಹಾಕಿಕೊಳ್ಳಿ, ಸಾಧ್ಯವಾದರೆ ಮನೆಯ ಹುಡುಗರನ್ನು ಗುಡ್ಡೆಗೆ ಓಡಿಸಿ ಆ ಮರದ್ದೇ ಒಂದು ಎಲೆ ಇರುವ ಗೆಲ್ಲನ್ನೂ ತರಿಸಿ ಡಾಕ್ಟರ ಕೈಗೆ ಕೊಡಿ.