ತಂತಿಗೆ ಒಡೆಯರಾದ ಊರವರು

ಗುಂಡಿಯನ್ನು ಒತ್ತಿದೊಡನೆ ದೀಪ ಬೆಳಗುತ್ತದೆ. ಆ ವಿದ್ಯುತ್ತು ಎಲ್ಲಿ ಹುಟ್ಟಿತು, ಯಾವ ಇಂಧನದಿಂದ ಹುಟ್ಟಿತು, ಅದನ್ನು ಹೊತ್ತು ತಂದ ತಂತಿ ಯಾರದು ಎಂಬ ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಈ ಮೂರು ಪ್ರಶ್ನೆಗಳನ್ನೂ ಪಟ್ಟುಹಿಡಿದು ಕೇಳಿದ ಊರೊಂದು ಜರ್ಮನಿಯ ನೈಋತ್ಯ ಮೂಲೆಯಲ್ಲಿದೆ. ಬ್ಲ್ಯಾಕ್ ಫಾರೆಸ್ಟ್ ಎಂಬ ಬೆಟ್ಟಕಾಡಿನ ಸೀಮೆಯ ಆ ಪುಟ್ಟ ಪಟ್ಟಣದ ಹೆಸರು ಶ್ಯೋನೌ. ಜನಸಂಖ್ಯೆ ಸುಮಾರು 2,500.

1986ನೆಯ ಏಪ್ರಿಲ್ 26ರಂದು ಚೆರ್ನೋಬಿಲ್ ಪರಮಾಣು ವಿದ್ಯುದಾಗಾರದಲ್ಲಿ ಸ್ಫೋಟ ಸಂಭವಿಸಿತು. ಶ್ಯೋನೌ ಅಲ್ಲಿಂದ ಒಂದೂವರೆ ಸಾವಿರ ಕಿಲೋಮೀಟರಿಗೂ ದೂರದಲ್ಲಿದೆ. ಆದರೂ ಗಾಳಿಯಲ್ಲಿ ತೇಲಿಬಂದ ವಿಕಿರಣಶೀಲ ಕಣಗಳು ಮಳೆಯೊಡನೆ ದಕ್ಷಿಣ ಜರ್ಮನಿಯ ನೆಲಕ್ಕೂ ಇಳಿದುವು. ಅವುಗಳಲ್ಲಿ ಅಯೋಡಿನ್-131ರ ಅರ್ಧಾಯುಷ್ಯ ಕೇವಲ 8 ದಿನ. ಸೀಸಿಯಮ್-137ರದಾದರೋ ಸುಮಾರು 30 ವರ್ಷ. ಮಕ್ಕಳಿಗೆ ಹಾಲು ಕುಡಿಸಬಹುದೇ, ಅವರನ್ನು ಮರಳಿನಲ್ಲಿ ಆಡಲು ಬಿಡಬಹುದೇ ಎಂಬ ಚಿಂತೆ ಮನೆಮನೆಯನ್ನೂ ಹೊಕ್ಕಿತು. ತಂದೆತಾಯಿಗಳು ಸೇರಿ ಒಂದು ಸಂಘವನ್ನು ಕಟ್ಟಿದರು. ಶಾಲಾ ಶಿಕ್ಷಕಿಯಾಗಲು ಓದಿದ್ದ ಉರ್ಸುಲಾ ಸ್ಲಾಡೆಕ್ ಮತ್ತು ಅವರ ಪತಿ, ವೈದ್ಯ ಮಿಖಾಯೆಲ್ ಸ್ಲಾಡೆಕ್ ಅದರ ಮುಂದಾಳುಗಳಲ್ಲಿ ಪ್ರಮುಖರು.

ಅವರು ಮೊದಲು ಹಿಡಿದ ದಾರಿ ಮಿತವ್ಯಯದ್ದು. ಯಾರು ಹೆಚ್ಚು ವಿದ್ಯುತ್ತನ್ನು ಉಳಿಸುವರೆಂದು ಊರಿನಲ್ಲಿ ಸ್ಪರ್ಧೆಗಳನ್ನು ಏರ್ಪಡಿಸಿದರು. ಆಗ ಅವರಿಗೆ ಒಂದು ತೊಡಕು ಎದುರಾಯಿತು. ಉಳಿತಾಯಕ್ಕೆ ದರದ ಪಟ್ಟಿಯೇ ಅಡ್ಡಿಯಾಗಿತ್ತು! ಇದು ಹೇಗೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯೋಣ. ತಿಂಗಳಿಗೆ 100 ರೂಪಾಯಿ ನಿಗದಿ ಶುಲ್ಕ, ಯೂನಿಟ್ಟಿಗೆ 2 ರೂಪಾಯಿ ದರ ಎಂದಿಟ್ಟುಕೊಳ್ಳೋಣ. 100 ಯೂನಿಟ್ ಬಳಸಿದವನು 300 ರೂಪಾಯಿ ತೆರುತ್ತಾನೆ. 50 ಯೂನಿಟ್ ಬಳಸಿದವನು 200 ರೂಪಾಯಿ. ಬಳಕೆ ಅರ್ಧಕ್ಕೆ ಇಳಿದರೂ ವೆಚ್ಚ ಮೂರರಲ್ಲೊಂದು ಪಾಲು ಮಾತ್ರ ಇಳಿಯಿತು. ನಿಗದಿ ಶುಲ್ಕ ಹೆಚ್ಚಿದಷ್ಟೂ ಮಿತವ್ಯಯಿಗೆ ದೊರೆಯುವ ಫಲ ಕಡಿಮೆ.

ಅವರ ಎರಡನೆಯ ದಾರಿ ಇನ್ನೂ ಸ್ವಾರಸ್ಯವಾದುದು. ಕಲ್ಲಿದ್ದಲನ್ನು ಉರಿಸುವ ದೊಡ್ಡ ವಿದ್ಯುದಾಗಾರದಲ್ಲಿ ಇಂಧನದ 100 ಪಾಲು ಶಾಖದಲ್ಲಿ ವಿದ್ಯುತ್ತಾಗುವುದು ಸಾಮಾನ್ಯವಾಗಿ 35ರಿಂದ 40 ಪಾಲು ಮಾತ್ರ. ಇದು ಕೇವಲ ಯಂತ್ರದ ದೋಷವಲ್ಲ. ಶಾಖವನ್ನು ಪೂರ್ತಿಯಾಗಿ ಕೆಲಸವನ್ನಾಗಿ ಮಾರ್ಪಡಿಸಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲವೆಂಬುದು ಪ್ರಕೃತಿಯ ನಿಯಮ. ಉಳಿದ ಶಾಖವನ್ನು ನದಿಗೋ ಗಾಳಿಗೋ ಚೆಲ್ಲಬೇಕಾಗುತ್ತದೆ. ವಿದ್ಯುತ್ತನ್ನು ತಂತಿಯಲ್ಲಿ ದೂರಕ್ಕೆ ಕಳುಹಿಸಬಹುದು. ಬಿಸಿನೀರನ್ನು ಹಾಗೆ ಕಳುಹಿಸಲಾಗದು. ಆದರೆ ಚಳಿಯ ನಾಡಿನ ಮನೆಯ ನೆಲಮಾಳಿಗೆಯಲ್ಲಿ ಒಂದು ಚಿಕ್ಕ ಎಂಜಿನ್ನನ್ನು ಇಟ್ಟರೆ? ಅದು ವಿದ್ಯುಜ್ಜನಕವನ್ನು ತಿರುಗಿಸುತ್ತದೆ. ಅದನ್ನು ತಂಪುಗೊಳಿಸಿದ ಬಿಸಿನೀರು ಕೋಣೆಗಳನ್ನು ಬೆಚ್ಚಗಿಡುತ್ತದೆ. ಹೀಗೆ ಇಂಧನದ ನೂರರಲ್ಲಿ 80ರಿಂದ 90 ಪಾಲು ಸಾರ್ಥಕವಾಗುತ್ತದೆ. ಇದಕ್ಕೆ ಸಹಜನನವೆಂದು ಹೆಸರು.

ಇಂತಹ ಎಂಜಿನ್ನುಗಳ ಹೆಚ್ಚುವರಿ ವಿದ್ಯುತ್ತಿಗೆ ತಕ್ಕ ಬೆಲೆಯನ್ನು ಕೊಡಲಾಗಲೀ ದರದ ಪಟ್ಟಿಯನ್ನು ತಿದ್ದಲಾಗಲೀ ತಂತಿಯ ಒಡೆತನ ಹೊಂದಿದ್ದ ಹಳೆಯ ಕಂಪೆನಿ ಒಪ್ಪಲಿಲ್ಲ. ಇಂಧನವನ್ನು ಹೇಗೆ ಬಳಸಬೇಕೆಂಬುದನ್ನು ವಿಜ್ಞಾನ ತೋರಿಸಿಕೊಟ್ಟಿತ್ತು. ಹಾಗೆ ಬಳಸುವ ಅಧಿಕಾರ ಮಾತ್ರ ಊರವರ ಕೈಯಲ್ಲಿರಲಿಲ್ಲ. ಆದ್ದರಿಂದ ಅವರು ತಂತಿಯನ್ನೇ ಕೊಳ್ಳಲು ಹೊರಟರು.

ಹಳೆಯ ಕಂಪೆನಿಯ ಒಪ್ಪಂದವನ್ನು ಅವಧಿಗೆ ಮುನ್ನವೇ ಮುಂದುವರಿಸಲು ಪುರಸಭೆ 1991ರಲ್ಲಿ ನಿರ್ಧರಿಸಿತು. ಊರವರು ಜನಮತಗಣನೆಯನ್ನು ಬೇಡಿ ಆ ನಿರ್ಧಾರವನ್ನು ತಳ್ಳಿಹಾಕಿಸಿದರು. ಪುರಸಭೆ ಮುಂದೆ ಊರವರ ಸಂಸ್ಥೆಗೇ ಪರವಾನಗಿಯನ್ನು ಕೊಟ್ಟಾಗ ಎದುರಾಳಿಗಳು ಮತ್ತೊಮ್ಮೆ ಜನಮತಕ್ಕೆ ಮೊರೆಹೋದರು. 1996ನೆಯ ಮಾರ್ಚ್ 10ರಂದು ನಡೆದ ಆ ಮತದಾನದಲ್ಲಿ ಊರವರ ಸಂಸ್ಥೆ ಗೆದ್ದುದು ನೂರಕ್ಕೆ 52ಕ್ಕೆ ತುಸು ಮೇಲ್ಪಟ್ಟ ಮತಗಳಿಂದ. ನೆರೆಹೊರೆಯವರೇ ಎರಡು ಪಕ್ಷವಾಗಿದ್ದ ಊರಿನಲ್ಲಿ ಇದು ಕೂದಲೆಳೆಯ ಜಯ.

ಕಂಪೆನಿ ಮೊದಲು ಕೇಳಿದ ಬೆಲೆ 87 ಲಕ್ಷ ಮಾರ್ಕು. ಊರವರ ಪರಿಣತರು ಲೆಕ್ಕಹಾಕಿದ ಬೆಲೆ ಅದರ ಅರ್ಧಕ್ಕಿಂತಲೂ ಕಡಿಮೆ. ಹಣಕ್ಕಾಗಿ ದೇಶದ ಜನರನ್ನು ಬೇಡಬೇಕಾಯಿತು. ಪರಮಾಣು ಆಗಾರದ ಅವಘಡಕ್ಕೆ ಬಳಸುವ ಪಾರಿಭಾಷಿಕ ಪದವನ್ನೇ ಎತ್ತಿಕೊಂಡು, ‘ನಾನೊಂದು ಅವಘಡ’ ಎಂದು ಸಾಮಾನ್ಯ ಜನರ ಮುಖಚಿತ್ರಗಳೊಡನೆ ಸಾರಿದ ಜಾಹೀರಾತುಗಳು ದೂರದೂರದವರ ಕೈಯಿಂದಲೂ ದೇಣಿಗೆ ತಂದುವು. ಬೆಲೆಯೂ ಇಳಿಯಿತು. 1997ನೆಯ ಜುಲೈ 1ರಂದು ತಂತಿಜಾಲ ಊರವರದಾಯಿತು. ಮುಂದೆ ಊರಿನ ಇಗರ್ಜಿಯ ಛಾವಣಿಯ ಮೇಲೂ ಸೌರಫಲಕಗಳು ಏರಿದುವು.

ಹಾಗಾದರೆ ಅಲ್ಲಿಯ ದೀಪಗಳಿಗೆ ಬರುವುದು ಬಿಸಿಲು, ನೀರುಗಳ ವಿದ್ಯುತ್ತು ಮಾತ್ರವೇ? ಅಲ್ಲ. ಊರಿನ ಜಾಲ ದೇಶದ ಜಾಲದೊಡನೆ ಕೂಡಿಯೇ ಇದೆ. ಹಲವು ಹಳ್ಳಗಳು ಸೇರಿದ ಕೆರೆಯಲ್ಲಿ ಇದು ಆ ಹಳ್ಳದ ನೀರೆಂದು ಬೇರ್ಪಡಿಸಲಾಗದಂತೆ, ಒಂದಾದ ವಿದ್ಯುತ್ತನ್ನೂ ಬೇರ್ಪಡಿಸಲಾಗದು. ಆದರೆ ಯಾವ ಹಳ್ಳವನ್ನು ಕೆರೆಗೆ ತಿರುಗಿಸಬೇಕೆಂಬುದನ್ನು ನಿರ್ಧರಿಸಬಹುದು. ಬಳಕೆದಾರರು ತೆತ್ತ ಹಣ ಯಾವ ಆಗಾರಕ್ಕೆ ಸಲ್ಲುವುದೋ ಆ ಆಗಾರ ಬೆಳೆಯುತ್ತದೆ.

1998ರಲ್ಲಿ ಜರ್ಮನಿಯ ವಿದ್ಯುತ್ ಮಾರುಕಟ್ಟೆ ಮುಕ್ತವಾದ ಮೇಲೆ ಶ್ಯೋನೌ ಸಂಸ್ಥೆ ದೇಶದ ಇತರ ಕಡೆಗೂ ವಿದ್ಯುತ್ತನ್ನು ಮಾರತೊಡಗಿತು. 2009ರಲ್ಲಿ ಅದು ಸಹಕಾರ ಸಂಘವಾಯಿತು. ಇಂದು ಅದರ ಸದಸ್ಯರು 10,000ಕ್ಕೂ ಹೆಚ್ಚು. 2023ನೆಯ ಏಪ್ರಿಲ್ 15ರಂದು ಜರ್ಮನಿಯ ಕೊನೆಯ ಪರಮಾಣು ಆಗಾರಗಳು ನಿಂತುವು. ಆ ನಿರ್ಧಾರದ ಒಳಿತು ಕೆಡುಕುಗಳನ್ನು ಕುರಿತ ವಾದ ಇನ್ನೂ ನಿಂತಿಲ್ಲ.

ಬಳಕೆದಾರರೇ ತಂತಿಗೆ ಒಡೆಯರಾಗುವುದು ನಮಗೆ ಹೊಸದೇನಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಲ್ಲಿಯೇ ಹುಟ್ಟಿತು. ವಿದ್ಯುತ್ತಿನ ಮುಂದಿನ ಬಿಲ್ಲು ಮನೆಗೆ ಬಂದಾಗ ವಾಚಕರು ಅದನ್ನೊಮ್ಮೆ ಪೂರ್ತಿಯಾಗಿ ಓದಲಿ. ನಿಗದಿ ಶುಲ್ಕವೆಷ್ಟು, ಯೂನಿಟ್ಟಿನ ದರವೆಷ್ಟು, ಉಳಿಸಿದರೆ ಲಾಭವೆಷ್ಟು ಎಂಬುದನ್ನು ತಾವೇ ಲೆಕ್ಕಹಾಕಿ ನೋಡಲಿ. ಶ್ಯೋನೌದ ತಂದೆತಾಯಿಗಳು ತೊಡಗಿದ್ದೂ ಇಷ್ಟೇ ಸಣ್ಣ ಲೆಕ್ಕದಿಂದ.